ಮೂರು ಕೆಜಿ ಕುಂಡ ತಾನೇ ಅಂದ್ರೆ ಹೇಗೆ?

ಹೋದ ತಿಂಗಳು ಗಾಳಿ-ಮಳೆ ಜೋರಾಗಿದ್ದ ಒಂದು ಸಂಜೆ, ನಮ್ಮ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯ ಬಾಲ್ಕನಿಯಿಂದ ದಾಸವಾಳದ ಕುಂಡವೊಂದು ಕೆಳಗೆ ಬಿತ್ತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ನಿಲ್ಲಿಸಿದ್ದ ಸ್ಕೂಟರಿನ ಸೀಟು ಹರಿದು, ಪಕ್ಕದ ತಗಡು ಒಳಗೆ ಹೋಗಿತ್ತು. ‘ಮೂರು ಕೆಜಿ ಕುಂಡ ತಾನೇ, ಅದಕ್ಕೆ ಇಷ್ಟು ಗಲಾಟೆನಾ?’ ಅಂದರು ಕುಂಡದ ಮನೆಯವರು.

ಮೂರು ಕೆಜಿ ನಿಜ. ಆದರೆ ಲೆಕ್ಕ ಅಲ್ಲಿಗೆ ಮುಗಿಯಲ್ಲ.

ಆ ಕುಂಡ ಮೇಲೆ ಹೋಗಿದ್ದಾದರೂ ಹೇಗೆ? ಯಾರೋ ಹೊತ್ತಿದ್ದಾರೆ, ಇಲ್ಲವೇ ಲಿಫ್ಟ್ ಎತ್ತಿದೆ. ಭೂಮಿಯ ಎಳೆತಕ್ಕೆ ಎದುರಾಗಿ ಮಾಡಿದ ಆ ಕೆಲಸ ಎಲ್ಲೂ ಕಳೆದುಹೋಗಿಲ್ಲ, ಎತ್ತರದ ರೂಪದಲ್ಲಿ ಜಮಾ ಆಗಿದೆ. ಹೈಸ್ಕೂಲಿನಲ್ಲಿ ಪ್ರಚ್ಛನ್ನ ಶಕ್ತಿ ಅಂತ ಉರು ಹೊಡೆದಿದ್ದು ಇದನ್ನೇ. 3 ಕೆಜಿ, 12 ಮೀಟರ್ ಎತ್ತರ, ಗುರುತ್ವದ 9.8. ಮೂರನ್ನೂ ಗುಣಿಸಿದರೆ ಸುಮಾರು 353 ಜೂಲ್. ಬೀಳುವಾಗ ಗುರುತ್ವ ಅಷ್ಟೇ ಕೆಲಸ ಮಾಡಿ, ಆ ಜಮೆಯನ್ನೆಲ್ಲ ವೇಗವಾಗಿ ಬದಲಿಸುತ್ತದೆ. ಒಂದೂವರೆ ಸೆಕೆಂಡಿಗೆ ಸ್ವಲ್ಪ ಹೆಚ್ಚು ಸಮಯದಲ್ಲಿ, ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಅದು ನೆಲದ ಹತ್ತಿರ ಇರುತ್ತದೆ. ‘ಏನದು ಸದ್ದು’ ಅಂತ ತಲೆ ಎತ್ತೋಕೂ ಪುರುಸೊತ್ತಿಲ್ಲ.

ಗಾಳಿಯ ತಡೆಯನ್ನು ಬದಿಗಿಟ್ಟರೆ ಈ ವೇಗಕ್ಕೂ ತೂಕಕ್ಕೂ ಸಂಬಂಧವೇ ಇಲ್ಲ. ಅರ್ಧ ಕೆಜಿಯ ಪುಟ್ಟ ಕುಂಡವೂ ಅದೇ 55ರಲ್ಲಿ ಬರುತ್ತದೆ. ಎಂಟನೇ ಮಹಡಿಯಿಂದ ಬಿದ್ದರೆ ಶಕ್ತಿ ಎರಡರಷ್ಟಾಗುತ್ತದೆ, ಆದರೆ ವೇಗ ಎರಡರಷ್ಟಾಗಲ್ಲ. ಸುಮಾರು 78 ಆಗುತ್ತದೆ. (ಎರಡರಷ್ಟಾಗಲ್ಲ ಅಂತ ಸಮಾಧಾನ ಪಡಬೇಡಿ, ಪೆಟ್ಟು ಬೀಳೋದು ಶಕ್ತಿಯ ಲೆಕ್ಕದಲ್ಲಿ.) ನೀರು ಹಾಕಿದ ಮೇಲೆ ಕುಂಡ ಇನ್ನೂ ಭಾರವಾಗುತ್ತದೆ ಅನ್ನೋದನ್ನೂ ಸೇರಿಸಿಕೊಳ್ಳಿ.

ನಿಜವಾದ ಪೆಟ್ಟು ಇರೋದು ನಿಲ್ಲುವ ಜಾಗದಲ್ಲಿ. ಬಂದ ಶಕ್ತಿ ಅಲ್ಲೇ ಖರ್ಚಾಗಬೇಕು. ನಿಲ್ಲೋಕೆ ಸಿಗುವ ದೂರ ಕಮ್ಮಿ ಆದಷ್ಟೂ ಬಲ ಜಾಸ್ತಿ. ನಿಮ್ಮ ಕೈಲಿರೋ ಫೋನನ್ನೇ ತಗೊಳ್ಳಿ. 200 ಗ್ರಾಂ ಫೋನು ಎದೆಮಟ್ಟದಿಂದ, ಅಂದರೆ 1.2 ಮೀಟರಿನಿಂದ ಜಾರಿದರೆ ಬರೀ 2.35 ಜೂಲ್. ಆದರೆ ಟೈಲ್ಸ್ ಮೇಲೆ ಒಂದೇ ಮಿಲಿಮೀಟರಿನಲ್ಲಿ ನಿಂತರೆ ಅದರ ಮೇಲೆ ಸುಮಾರು 240 ಕೆಜಿ ಭಾರ ಹೇರಿದಷ್ಟು ಬಲ! ರಬ್ಬರ್ ಕವರ್ ಅದುಮಿಕೊಂಡು ಮೂರು ಮಿಲಿಮೀಟರ್ ಜಾಗ ಕೊಟ್ಟರೆ ಬಲ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹೆಲ್ಮೆಟ್ಟಿನೊಳಗಿನ ಥರ್ಮೋಕೋಲ್ ಮಾಡೋದೂ ಇದನ್ನೇ, ತಾನು ಜಜ್ಜಿಕೊಂಡು ತಲೆಗೆ ನಿಲ್ಲಲು ಒಂದಿಷ್ಟು ದೂರ ಕೊಡುತ್ತದೆ. ಬರಿತಲೆಗೆ ಆ ದೂರ ಇಲ್ಲ.

ಆ ದಾಸವಾಳ ಈಗ ಹೊಸ ಕುಂಡದಲ್ಲಿ, ಬಾಲ್ಕನಿಯ ಒಳಗೆ ನೆಲದ ಮೇಲಿದೆ. ಸೀಟಿನ ದುಡ್ಡನ್ನೂ ಅವರೇ ಕೊಟ್ಟರು. ಪಕ್ಕದ ಬ್ಲಾಕಿನ ಆರನೇ ಮಹಡಿಯಲ್ಲಿ ಮಾತ್ರ ಇನ್ನೂ ಎರಡು ಕುಂಡ ಗ್ರಿಲ್ಲಿನ ಹೊರಗೇ ತೂಗಾಡ್ತಿವೆ. ನಾನಂತೂ ಆ ಕಡೆ ಗಾಡಿ ನಿಲ್ಲಿಸೋದು ಬಿಟ್ಟಿದ್ದೀನಿ.