ಕ್ಯಾಸಲ್‌ರಾಕ್ ರಾಡಿಯಲ್ಲಿ ಆಟೊಮ್ಯಾಟಿಕ್ ಜೀಪು

ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂ ಕಡೆಗೆ ಇಳಿಯುವ ಬ್ರಗಾಂಜಾ ಘಾಟಿನ ರೈಲು ಹಳಿಯ ಇಳಿಜಾರು 37 ಅಡಿಗೆ ಒಂದು ಅಡಿ. ಕೇಳಿದರೆ ಇದೇನು ಮಹಾ ಅನ್ನಿಸುತ್ತದೆ. ಆದರೆ ಮರ್ಮಗೋವಾ ಬಂದರಿನಿಂದ ಕಲ್ಲಿದ್ದಲು ಹೊತ್ತು ಬರುವ ಗೂಡ್ಸ್ ಗಾಡಿ ಈ ಏರು ಹತ್ತಬೇಕಾದರೆ ಹೆಚ್ಚುವರಿ ಎಂಜಿನ್‌ಗಳು ಕೈಜೋಡಿಸಬೇಕು. ಇಳಿಯುವ ಗೂಡ್ಸ್ ಮೊದಲು ಬ್ರೇಕ್ ಪರೀಕ್ಷೆ ಮುಗಿಸಬೇಕು. ಅದೇ ಕ್ಯಾಸಲ್‌ರಾಕ್‌ನ ಆಸುಪಾಸಿನಲ್ಲಿ ತೋಟಕ್ಕೋ ಒಂಟಿ ಮನೆಗೋ ಹೋಗುವ ಮಣ್ಣಿನ ದಾರಿಗಳಲ್ಲಿ ನಾಲ್ಕೈದು ಅಡಿಗೆ ಒಂದು ಅಡಿ ಏರುವ ಚಡಾವುಗಳು ಸಾಮಾನ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವು ಬರೀ ಕೆಂಪು ರಾಡಿ, ರಾಡಿಯ ಕೆಳಗೆ ಚಿರೆಕಲ್ಲು.

ಇಂಥ ದಾರಿಗಳು ದಶಕಗಳ ಕಾಲ ಹಳೆಯ ಮಹೀಂದ್ರಾ ಜೀಪುಗಳ ಪಾಲಿನವಾಗಿದ್ದವು. ಕ್ಲಚ್ ಒತ್ತಿ, ಗೇರ್ ಹಾಕಿ, ದೇವರ ಮೇಲೆ ಭಾರ ಹಾಕಿ ಹತ್ತಿಸುವ ಗಾಡಿಗಳು. ಈಗ ಚಿತ್ರ ಬದಲಾಗಿದೆ. 2020ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂದ ಹೊಸ ಥಾರ್‌ಗೆ ಆರು ಗೇರಿನ ಆಟೊಮ್ಯಾಟಿಕ್ ಸಿಕ್ಕಿತು. 2023ರ ಜೂನ್‌ನಲ್ಲಿ ಬಂದ ಐದು ಬಾಗಿಲಿನ ಮಾರುತಿ ಜಿಮ್ನಿಗೆ ನಾಲ್ಕು ಗೇರಿನದು. ವಾರಾಂತ್ಯಕ್ಕೆ ಹುಬ್ಬಳ್ಳಿ, ಬೆಳಗಾವಿಯಿಂದ ಜೋಯಿಡಾ ಕಡೆ ಬರುವವರಲ್ಲಿ ಎಡಗಾಲಿಗೆ ಕೆಲಸವಿಲ್ಲದವರೂ ಇದ್ದಾರೆ. ಅವರನ್ನು ಕಂಡಾಗ ಹಳಬರಿಂದ ಬರುವ ಮಾತು ಒಂದೇ: ‘ಆಟೊಮ್ಯಾಟಿಕ್ಕಾ? ಕೆಸರಲ್ಲಿ ನಡೆಯೋದಿಲ್ಲ ಬಿಡಿ.’

ಈ ಮಾತಿಗೆ ಇತಿಹಾಸದ ಬೆಂಬಲವಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಎಂ5 ಸ್ಟುವರ್ಟ್ ಲಘು ಟ್ಯಾಂಕ್ ಓಡಿದ್ದು ಎರಡು ಕ್ಯಾಡಿಲಾಕ್ ಎಂಜಿನ್, ಎರಡು ಹೈಡ್ರಾಮ್ಯಾಟಿಕ್ ಗೇರ್ ಬಾಕ್ಸ್‌ಗಳಿಂದ. ಟ್ಯಾಂಕನ್ನೇ ಎಳೆದ ಯಂತ್ರ ಜೀಪಿಗೆ ಸಾಲದೇ? ಕಷ್ಟ ಇರುವುದು ಬಲದಲ್ಲಲ್ಲ, ಬಿಸಿಯಲ್ಲಿ.

ಮ್ಯಾನುಯಲ್ ಗಾಡಿಯಲ್ಲಿ ಎಂಜಿನ್ ಮತ್ತು ಗೇರ್ ಬಾಕ್ಸ್ ನಡುವೆ ಕ್ಲಚ್ ಪ್ಲೇಟ್ ಇರುತ್ತದೆ. ಆಟೊಮ್ಯಾಟಿಕ್‌ನಲ್ಲಿ ಟಾರ್ಕ್ ಕನ್ವರ್ಟರ್. ಎಂಜಿನ್ ಒಂದು ಪಂಕವನ್ನು ತಿರುಗಿಸುತ್ತದೆ, ಅದು ಎಣ್ಣೆಯನ್ನು ಚಿಮ್ಮಿಸುತ್ತದೆ, ಆ ಎಣ್ಣೆಯ ಹೊಡೆತಕ್ಕೆ ಎದುರಿನ ಪಂಕ ತಿರುಗುತ್ತದೆ. ಎರಡಕ್ಕೂ ನಡುವೆ ಬೆಸುಗೆಯಿಲ್ಲ, ಎಣ್ಣೆಯಷ್ಟೇ. ಹೊರಡುವ ಗಳಿಗೆಯಲ್ಲಿ ಇದು ಎಂಜಿನ್ನಿನ ಟಾರ್ಕನ್ನು ಎರಡು ಪಟ್ಟಿನ ಹತ್ತಿರಕ್ಕೆ ಹೆಚ್ಚಿಸಿಕೊಡುತ್ತದೆ. ಅದಕ್ಕೇ ಚಡಾವಿನ ಮಧ್ಯೆ ನಿಲ್ಲಿಸಿದ ಆಟೊಮ್ಯಾಟಿಕ್ ಕ್ಲಚ್ ಸುಟ್ಟ ವಾಸನೆ ಬರಿಸದೆ ಮೆಲ್ಲಗೆ ಹೊರಡುವುದು. ಆದರೆ ಎರಡು ಪಂಕಗಳ ವೇಗದಲ್ಲಿ ವ್ಯತ್ಯಾಸ ಹೆಚ್ಚಿದಷ್ಟೂ ಶಕ್ತಿ ಚಕ್ರಕ್ಕೆ ಹೋಗದೆ ಎಣ್ಣೆಯನ್ನು ಕಾಯಿಸುತ್ತದೆ.

ಒಂದು ಲೆಕ್ಕ ಹಾಕೋಣ. ಮುಂದಿನ ಚಕ್ರ ಚಿರೆಕಲ್ಲಿನ ಮೆಟ್ಟಿಲಿಗೆ ಒತ್ತಿಕೊಂಡು ನಿಂತಿದೆ, ಗಾಡಿ ಅಲುಗುತ್ತಿಲ್ಲ, ಚಾಲಕ ಆಕ್ಸಲರೇಟರ್ ಅದುಮುತ್ತಿದ್ದಾನೆ. ಎಂಜಿನ್ ಆಗ 40 ಕಿಲೊವ್ಯಾಟ್ ಕೊಡುತ್ತಿದ್ದರೆ ಅಷ್ಟೂ ಎಣ್ಣೆಯೊಳಗೇ ಕರಗಬೇಕು. ಏಳು ಲೀಟರ್ ಎಣ್ಣೆಯಾದರೆ, ಕೂಲರಿನ ಕೆಲಸ ಬದಿಗಿಟ್ಟು, ಸೆಕೆಂಡಿಗೆ ಸುಮಾರು 3 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಹತ್ತು ಸೆಕೆಂಡ್ ಹಟ ಮಾಡಿದರೆ 30 ಡಿಗ್ರಿ! 80–90 ಡಿಗ್ರಿಯಲ್ಲಿ ಆರಾಮವಾಗಿರುವ ಗೇರ್ ಎಣ್ಣೆ 120 ದಾಟಿದರೆ ಬೇಗ ಹಳಸುತ್ತದೆ, ಬಣ್ಣ ಕಪ್ಪಾಗುತ್ತದೆ, ಒಳಗಿನ ಕ್ಲಚ್ ಪ್ಯಾಕ್‌ಗಳು ಜಾರತೊಡಗುತ್ತವೆ.

ಆದ್ದರಿಂದ ಗಾಡಿಯ ಸಾಮರ್ಥ್ಯ ಹೆಚ್ಚಿಸಬೇಕೆಂದು ಎಂಜಿನ್ ರೀಮ್ಯಾಪ್, ಟ್ಯೂನಿಂಗ್ ಬಾಕ್ಸ್ ಎಂದು ದುಡ್ಡು ಸುರಿಯುವುದು ನನ್ನ ದೃಷ್ಟಿಯಲ್ಲಿ ತಲೆಕೆಳಗಾದ ಕೆಲಸ. ಹೆಚ್ಚಿದ ಟಾರ್ಕ್ ಮೊದಲು ಹೋಗಿ ಬಡಿಯುವುದು ಅದೇ ಎಣ್ಣೆಗೆ. ಮೊದಲು ಕೊಳ್ಳಬೇಕಾದದ್ದು ಓಬಿಡಿ ರೀಡರ್ ಎಂಬ ಬೆಂಕಿಪೊಟ್ಟಣದ ಗಾತ್ರದ ಸಾಮಾನು. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ, ಬ್ಲೂಟೂತ್‌ನಲ್ಲಿ ಮೊಬೈಲಿಗೆ ಜೋಡಿಸಿದರೆ, ಗಾಡಿಯ ಕಂಪ್ಯೂಟರ್ ಕೊಡುವುದಾದಲ್ಲಿ ಗೇರ್ ಎಣ್ಣೆಯ ಶಾಖ ಪರದೆಯ ಮೇಲೆ ಕಾಣುತ್ತದೆ. 92, 97, 104... ಅಂಕಿ ಹೀಗೆ ಏರುವುದನ್ನು ಒಮ್ಮೆ ಕಣ್ಣಾರೆ ಕಂಡವರ ಬಲಗಾಲು ತಾನಾಗಿ ಹಗುರಾಗುತ್ತದೆ. 115ರ ಹತ್ತಿರ ಬಂತೆಂದರೆ ನಿಲ್ಲಿಸಿ, ಎನ್‌ಗೆ, ಅಂದರೆ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆರಿಸದೆ ಬಿಡಬೇಕು. ಎಂಜಿನ್ ಓಡುತ್ತಿದ್ದರೆ ಮಾತ್ರ ಗೇರ್ ಬಾಕ್ಸಿನ ಪಂಪ್ ಎಣ್ಣೆಯನ್ನು ಕೂಲರಿಗೆ ತಳ್ಳುತ್ತದೆ.

ಎರಡನೆಯ ಸುಧಾರಣೆಗೆ ಒಂದು ಪೈಸೆಯೂ ಬೇಡ. ಗಾಡಿಯಲ್ಲೇ ಇರುವ ಲೋ ರೇಂಜ್, ಅಂದರೆ 4ಎಲ್ ಬಳಸಬೇಕು. ‘ಅಷ್ಟೇನೂ ಏರಿಲ್ಲ, ಹೈ ರೇಂಜಿನ 4ಎಚ್ ಸಾಕು’ ಎನ್ನುವವರೇ ಗೇರ್ ಬಾಕ್ಸ್ ಕಾಯಿಸುವವರು. ಜಿಮ್ನಿಯ 4ಎಲ್ ಅನುಪಾತ ಎರಡು. ಅಂದರೆ ಅದೇ ಏರು ಹತ್ತಲು ಗೇರ್ ಬಾಕ್ಸ್ ಅರ್ಧ ಟಾರ್ಕ್ ಕೊಟ್ಟರೆ ಸಾಕು. ಕನ್ವರ್ಟರ್ ಅಷ್ಟು ಕಡಿಮೆ ಜಾರುತ್ತದೆ, ಎಣ್ಣೆ ಅಷ್ಟು ತಣ್ಣಗಿರುತ್ತದೆ. ಆಕ್ಸಲರೇಟರ್ ಮುಟ್ಟದೆಯೇ ಗಾಡಿ ಆಮೆಯ ಹಾಗೆ ಕಲ್ಲು ಹತ್ತುವ ಸುಖ ಇಲ್ಲಿಯೇ ಸಿಗುವುದು. ನಿಲ್ಲಿಸಿ, ಎನ್‌ಗೆ ಹಾಕಿ, ಲಿವರ್ ಎಳೆಯಲು ಅರ್ಧ ನಿಮಿಷ ಸಾಕು. ಆದರೆ ರಾಡಿಗೆ ಇಳಿಯುವ ಮೊದಲೇ ಹಾಕಬೇಕು, ಹೂತ ಮೇಲೆ ಅಲ್ಲ.

ಟೈರಿನ ವಿಷಯದಲ್ಲಿ ಆಸೆ ಬುದ್ಧಿಯನ್ನು ಮೀರುತ್ತದೆ. ಜಿಮ್ನಿಯ ಕಂಪನಿ ಟೈರ್ 195/80 ಆರ್15. ವ್ಯಾಸ ಸುಮಾರು 693 ಮಿ.ಮೀ. ಅದನ್ನು ತೆಗೆದು 235/75 ಆರ್15 ಹಾಕಿದರೆ 733 ಮಿ.ಮೀ. ಆಗುತ್ತದೆ. ನೆಲದಿಂದ ಗಾಡಿ ಎತ್ತರವಾಗುವುದು 20 ಮಿ.ಮೀ. ಮಾತ್ರ, ಚಕ್ರ ನೆಲವನ್ನು ನೂಕುವ ಬಲ ಮಾತ್ರ ಐದೂವರೆ ಪ್ರತಿಶತ ಇಳಿಯುತ್ತದೆ. ಟೈರಿನ ತೂಕ ಬೇರೆ. ನಾಲ್ಕೇ ಗೇರಿನ ಪೆಟ್ಟಿಗೆಗೆ ಇದು ಭಾರವೇ. ಗಾತ್ರ ಬದಲಿಸದೆ ಹಿಡಿತ ಒಳ್ಳೆಯದಿರುವ ಆಲ್ ಟೆರೇನ್ ಟೈರ್ ಹಾಕಿ, ರಾಡಿಯಲ್ಲಿ ಗಾಳಿಯನ್ನು 18–20 ಪಿಎಸ್ಐಗೆ ಇಳಿಸಿದರೆ ಸಿಗುವ ಲಾಭ ದೊಡ್ಡ ಟೈರಿಗಿಂತ ಹೆಚ್ಚು. ಗಾಳಿ ಇಳಿದ ಟೈರು ಉದ್ದಕ್ಕೆ ಹರಡಿಕೊಳ್ಳುತ್ತದೆ. ಆದರೆ ಅನಮೋಡದ ಹೆದ್ದಾರಿ ಸೇರುವ ಮೊದಲು ಮತ್ತೆ ತುಂಬಿಸಲು ಚಿಕ್ಕ ಕಂಪ್ರೆಸರ್ ಜೊತೆಗಿರಬೇಕು.

ಇಷ್ಟಾದ ಮೇಲೂ ಅಂಕಿ ಏರುತ್ತಿದ್ದರೆ ಪ್ರತ್ಯೇಕ ಗೇರ್ ಎಣ್ಣೆ ಕೂಲರ್ ಹಾಕಿಸುವ ಮಾತು. ರೇಡಿಯೇಟರ್ ಮುಂದೆ ಗಾಳಿ ಸಿಗುವ ಕಡೆ, ಕಂಪನಿಯ ಕೂಲರಿನ ನಂತರದ ಸಾಲಿನಲ್ಲಿ ಜೋಡಿಸುವುದು ರೂಢಿ. ವಾರಂಟಿ ಇರುವ ಗಾಡಿಗೆ ಕೈಹಾಕುವ ಮುನ್ನ ಎರಡು ಸಲ ಯೋಚಿಸಬೇಕು. ಕೂಲರ್ ಹಾಕದಿದ್ದರೂ ‘ಜೀವಮಾನಕ್ಕೆ ಒಂದೇ ಎಣ್ಣೆ’ ಎಂಬ ಮಾತು ನಂಬದೆ, ಕೈಪಿಡಿಯಲ್ಲಿ ಕಠಿಣ ಬಳಕೆಗೆ ಹೇಳಿದ ಅವಧಿಗೆ ಎಣ್ಣೆ ಬದಲಿಸಿದರೆ ಅರ್ಧ ರೋಗ ಹತ್ತಿರ ಸುಳಿಯುವುದಿಲ್ಲ.

ಮಳೆನಾಡಿಗೆ ಬೇರೆಯದೇ ಒಂದು ಕಾಯಿಲೆಯಿದೆ. ಕಾದ ಗೇರ್ ಬಾಕ್ಸ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಎಂಬ ಸಣ್ಣ ರಂಧ್ರದಿಂದ ನೀರನ್ನು ಹೀರಿಕೊಳ್ಳುತ್ತದೆ. ಎಣ್ಣೆ ಸ್ಟ್ರಾಬೆರಿ ಮಿಲ್ಕ್‌ಶೇಕಿನ ಬಣ್ಣಕ್ಕೆ ತಿರುಗಿತೆಂದರೆ ಕ್ಲಚ್ ಪದರಗಳು ಅಂಟು ಬಿಟ್ಟು ಕಿತ್ತುಬರುವ ದಿನ ದೂರವಿಲ್ಲ. ಬ್ರೀದರಿಗೆ ರಬ್ಬರ್ ಪೈಪ್ ಜೋಡಿಸಿ ಬಾನೆಟ್ಟಿನೊಳಗೆ ಎತ್ತರಕ್ಕೆ ಕಟ್ಟುವುದು ಕೆಲವು ನೂರು ರೂಪಾಯಿಯ ಕೆಲಸ. ಥಾರ್ 650 ಮಿ.ಮೀ. ನೀರು ದಾಟುತ್ತದೆ ಎಂದು ಕಂಪನಿ ಹೇಳಿರುವುದು ನಿಂತ ನೀರಿಗೆ ಸರಿ. ಆಗಸ್ಟ್‌ನ ಹಳ್ಳ ನಿಂತ ನೀರಲ್ಲ.

ಇಳಿಯುವಾಗ ರೈಲಿನ ವಿದ್ಯೆ ಉಪಯೋಗಕ್ಕೆ ಬರುತ್ತದೆ. ಘಾಟಿಯಲ್ಲಿ ಡೀಸೆಲ್ ಎಂಜಿನ್ ಚಕ್ರದ ಬ್ರೇಕನ್ನೇ ನಂಬಿ ಕೂರುವುದಿಲ್ಲ. ಮೋಟಾರುಗಳನ್ನೇ ಜನರೇಟರ್ ಮಾಡಿ, ಹುಟ್ಟಿದ ವಿದ್ಯುತ್ತನ್ನು ರೆಸಿಸ್ಟರುಗಳಲ್ಲಿ ಸುಟ್ಟು ಗಾಳಿಗೆ ಬಿಡುತ್ತದೆ. ಜೀಪಿನಲ್ಲಿ ಆ ಕೆಲಸ ಎಂಜಿನ್ ಬ್ರೇಕಿಂಗ್‌ನದು. ಡಿಯಲ್ಲೇ ಬಿಟ್ಟರೆ ಗೇರ್ ತಾನಾಗಿ ಮೇಲೇರಿ ಗಾಡಿ ಓಡತೊಡಗುತ್ತದೆ. ಜಿಮ್ನಿಯಲ್ಲಿ ಲಿವರನ್ನು ಎಲ್‌ಗೆ, ಥಾರ್‌ನಲ್ಲಿ ಮ್ಯಾನುಯಲ್ ಮೋಡಿನ ಒಂದನೇ ಗೇರಿಗೆ ಎಳೆದಿಟ್ಟು, 4ಎಲ್‌ನಲ್ಲಿ ಇಳಿಸಬೇಕು. ಎನ್‌ನಲ್ಲಿ ಉರುಳಿಸುವುದಂತೂ ಬೇಡವೇ ಬೇಡ.

ಏನೇ ಬದಲಾವಣೆ ಮಾಡಿಸಿದರೂ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಲೆಯ ಮೇಲಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ, ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದಿದೆ. ಅಪಘಾತವಾದರೆ ವಿಮಾ ಕಂಪನಿ ಮೊದಲು ನೋಡುವುದು ಅದನ್ನೇ. ಇನ್ನು ಕಾಡು. ಸುತ್ತಲಿರುವುದು 2015ರಲ್ಲಿ ಹೆಸರು ಬದಲಾದ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ದೂಧ್‌ಸಾಗರದ ಜೀಪ್ ಸಫಾರಿ ಇರುವುದು ಕುಳೆಂ ಕಡೆಯಿಂದ, ಮಳೆಗಾಲದಲ್ಲಿ ಅದೂ ಬಂದ್. ಈ ಕಡೆ ದಾರಿ ಬಿಟ್ಟು ಹಳ್ಳದೊಳಗೆ ಗಾಡಿ ನುಗ್ಗಿಸುವುದಕ್ಕೆ ಯಾರ ಪರವಾನಗಿಯೂ ಇಲ್ಲ. ಪರಿಚಯದವರ ತೋಟದ ದಾರಿ, ಮಾಲೀಕರ ಒಪ್ಪಿಗೆ ಇರುವ ಗುಡ್ಡ, ಅಷ್ಟರಲ್ಲೇ ಆಸೆ ತೀರಿಸಿಕೊಳ್ಳಬೇಕು.

ಮನೆಗೆ ಬಂದ ಮೇಲೆ ಬಹಳ ಮಂದಿ ಬಾಗಿಲು, ಗಾಜು ತೊಳೆದು ಕೈತೊಳೆದುಕೊಳ್ಳುತ್ತಾರೆ. ತೊಳೆಯಬೇಕಾದದ್ದು ಗ್ರಿಲ್ಲಿನ ಹಿಂದೆ. ಕೆಂಪು ರಾಡಿ ಕೂಲರಿನ ರೆಕ್ಕೆಗಳ ನಡುವೆ ಒಣಗಿ ಗಟ್ಟಿಯಾದರೆ ಮುಂದಿನ ಸಲ ಡಾಂಬರು ರಸ್ತೆಯಲ್ಲೂ ಎಣ್ಣೆ ಕಾಯುತ್ತದೆ. ಪ್ರೆಷರ್ ಗನ್ ದೂರವಿಟ್ಟು, ಸಾದಾ ಪೈಪಿನಿಂದ ಎಂಜಿನ್ ಕಡೆಯಿಂದ ಹೊರಮುಖವಾಗಿ ನೀರು ಬಿಡಿ. ಹತ್ತಿರ ಹಿಡಿದ ಗನ್ನಿಗೆ ಆ ತೆಳು ರೆಕ್ಕೆಗಳು ಮಡಚಿಹೋಗುತ್ತವೆ.