ಓಟ ಮೂರು ದಿನ, ಲೆಕ್ಕ ಹಲವು ವರ್ಷ

ನಂದಿನಿ ಲೇಔಟಿನ ಪಕ್ಕದಲ್ಲಿ, ಕಂಠೀರವ ಸ್ಟುಡಿಯೊ ಮುಂದೆ ಹಾದುಹೋಗುವ ಹೊರ ವರ್ತುಲ ರಸ್ತೆಯನ್ನು ಶುಕ್ರವಾರದಿಂದ ಭಾನುವಾರದವರೆಗೆ ಮುಚ್ಚಿದರೆ ಏನಾದೀತು? ಪೀಣ್ಯದ ಕಾರ್ಖಾನೆಗಳಿಗೆ ಸರಕು ತರುವ ಲಾರಿಗಳು ನಿಲ್ಲುತ್ತವೆ. ಲಗ್ಗೆರೆ ಕಡೆಯ ಬಸ್ಸುಗಳು ಬಳಸಿಕೊಂಡು ಹೋಗಬೇಕಾಗುತ್ತದೆ. ಆಂಬುಲೆನ್ಸಿಗೆ ಬೇರೆ ದಾರಿ ಹುಡುಕಬೇಕು. ನಗರದ ಬೀದಿಯಲ್ಲಿ ಅಂತರರಾಷ್ಟ್ರೀಯ ಮೋಟಾರು ಓಟ ನಡೆಸಲು ಹೊರಟವರಿಗೆ ಮೊದಲು ಎದುರಾಗುವುದು ಇಂಥ ಪ್ರಶ್ನೆಗಳೇ. ಕಾರಿನ ವೇಗದ ಮಾತು ಬರುವುದು ಆಮೇಲೆ.

ಬೆಂಗಳೂರಿಗೆ ಈ ಕ್ರೀಡೆ ಹೊಸದಲ್ಲ. 2015ರಲ್ಲಿ ಡಾಕರ್ ರ‍್ಯಾಲಿಯನ್ನು ಪೂರ್ಣಗೊಳಿಸಿ, ಹಾಗೆ ಮಾಡಿದ ಮೊದಲ ಭಾರತೀಯರೆನಿಸಿದ ಸಿ.ಎಸ್. ಸಂತೋಷ್ ಈ ಊರಿನವರು. 2019ರಲ್ಲಿ ಮಹಿಳೆಯರ ಬಾಜಾ ವಿಶ್ವಕಪ್ ಗೆದ್ದ ಐಶ್ವರ್ಯಾ ಪಿಸ್ಸೆಯೂ ಇಲ್ಲಿಯವರೇ. ವಿಜಯ್ ಮಲ್ಯ 2007ರಲ್ಲಿ ಪಾಲುದಾರರೊಡನೆ ಫಾರ್ಮುಲಾ ಒನ್ ತಂಡವನ್ನೇ ಕೊಂಡರು. ಅದಕ್ಕೆ ಫೋರ್ಸ್ ಇಂಡಿಯಾ ಎಂಬ ಹೆಸರು ಬಂತು. ಕಾರ್ಖಾನೆ ಮಾತ್ರ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲೇ ಉಳಿಯಿತು. ಸವಾರರು, ಎಂಜಿನಿಯರುಗಳು, ಹಣವಂತರು ಎಲ್ಲರೂ ಇದ್ದ ಈ ನಗರವನ್ನು ಬಿಟ್ಟು ಫಾರ್ಮುಲಾ ಒನ್ ಓಟ ದೆಹಲಿ ಸಮೀಪದ ಗ್ರೇಟರ್ ನೋಯ್ಡಾಕ್ಕೆ ಹೋಯಿತು. ಅಲ್ಲಿ ನಡೆದದ್ದನ್ನು ನೋಡಿದರೆ ಬೆಂಗಳೂರು ಅಷ್ಟೇನೂ ಕೊರಗಬೇಕಿಲ್ಲ.

ಜೇಪೀ ಸಮೂಹ ಅಲ್ಲಿ 5.125 ಕಿ.ಮೀ. ಉದ್ದದ ಬುದ್ಧ ಅಂತರರಾಷ್ಟ್ರೀಯ ಸರ್ಕ್ಯೂಟನ್ನು ಕಟ್ಟಿತು. ಓಟ ನಡೆಸುವ ಹಕ್ಕಿಗಾಗಿ ಸಂಘಟಕರು ಫಾರ್ಮುಲಾ ಒನ್ ಕಂಪೆನಿಗೆ ಡಾಲರಿನಲ್ಲಿ ಶುಲ್ಕ ಕೊಡಬೇಕು. ಟಿ.ವಿ. ಪ್ರಸಾರದ ಹಣ ಆ ಕಂಪೆನಿಗೇ. ಟ್ರ್ಯಾಕಿನ ಅಂಚಿನ ಜಾಹೀರಾತಿನ ಹಣವೂ ಬಹುಪಾಲು ಅಲ್ಲಿಗೇ. ಸ್ಥಳೀಯ ಸಂಘಟಕರಿಗೆ ಉಳಿಯುವುದು ಮುಖ್ಯವಾಗಿ ಟಿಕೆಟ್ ಹಣ. ತೇರು ಎಳೆಯುವವರು ಒಬ್ಬರು, ಹುಂಡಿ ಎಣಿಸುವವರು ಇನ್ನೊಬ್ಬರು!

ಅದರ ಮೇಲೆ ತೆರಿಗೆಯ ತಕರಾರು. 3 ಕೋಟಿ 65 ಲಕ್ಷ ಡಾಲರ್ ಹೊರಕ್ಕೆ ಕಳುಹಿಸಲು 2009ರಲ್ಲಿ ಸಂಘಟಕರು ಒಪ್ಪಿಗೆ ಕೇಳಿದಾಗ, ಇದು ಕ್ರೀಡೆಯಲ್ಲ, ಮನರಂಜನೆ ಎಂದು ಕೇಂದ್ರ ಕ್ರೀಡಾ ಸಚಿವಾಲಯ ನಿರಾಕರಿಸಿತು. ಮನರಂಜನೆಯೆಂದ ಮೇಲೆ ಮನರಂಜನಾ ತೆರಿಗೆ ಬೇಡವೇ? ಉತ್ತರ ಪ್ರದೇಶ ಸರ್ಕಾರ ವಿನಾಯಿತಿ ನೀಡಿತ್ತು. ಅದು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2011ರ ಮೊದಲ ಓಟಕ್ಕೆ ಮುನ್ನ ಟಿಕೆಟ್ ಹಣದ ಶೇ 25ರಷ್ಟನ್ನು ಪ್ರತ್ಯೇಕವಾಗಿ ಇಡುವಂತೆ ಆದೇಶವಾಯಿತು. ಮೂರು ಓಟಗಳಾದವು, ಮೂರನ್ನೂ ಸೆಬಾಸ್ಟಿಯನ್ ವೆಟೆಲ್ ಗೆದ್ದರು. 2013ರ ನಂತರ ಓಟ ನಿಂತಿತು. ಪ್ರಕರಣಗಳು ನಿಲ್ಲಲಿಲ್ಲ. ವರ್ಷಕ್ಕೆ ಕೆಲವೇ ದಿನ ಬಳಸಿದರೂ ಆ ಸರ್ಕ್ಯೂಟು ಫಾರ್ಮುಲಾ ಒನ್ ಕಂಪೆನಿಯ ಭಾರತದ ಕಾಯಂ ನೆಲೆಯೇ, ಆದ್ದರಿಂದ ಅದು ಇಲ್ಲಿ ತೆರಿಗೆ ಕಟ್ಟಬೇಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. 2020ರಲ್ಲಿ ಯಮುನಾ ಎಕ್ಸ್‌ಪ್ರೆಸ್‌ವೇ ಪ್ರಾಧಿಕಾರ ಬಾಕಿಯ ಕಾರಣಕ್ಕೆ ಭೂಮಿಯ ಹಂಚಿಕೆಯನ್ನೇ ರದ್ದುಪಡಿಸಿತು.

ಟ್ರ್ಯಾಕ್ ಕಟ್ಟದೆ ಬೀದಿಯಲ್ಲೇ ಓಡಿಸಿದರೆ? ಹೈದರಾಬಾದ್ 2023ರ ಫೆಬ್ರುವರಿ 11ರಂದು ಹುಸೇನ್ ಸಾಗರದ ಬಳಿ ವಿದ್ಯುತ್ ಕಾರುಗಳ ಫಾರ್ಮುಲಾ ಇ ಓಟ ನಡೆಸಿತು. ಖಾಸಗಿ ಪ್ರಾಯೋಜಕರು ಹಿಂದೆ ಸರಿದಾಗ ಮರುವರ್ಷದ ಹೊರೆ ಸರ್ಕಾರದ ಮೇಲೆ ಬಿತ್ತು. ಅಷ್ಟರಲ್ಲಿ ಸರ್ಕಾರವೇ ಬದಲಾಗಿ, 2024ರ ಓಟ ರದ್ದಾಯಿತು. ಸುಮಾರು 55 ಕೋಟಿ ರೂಪಾಯಿ ಪಾವತಿಯ ಬಗ್ಗೆ ಆ ವರ್ಷದ ಕೊನೆಗೆ ಭ್ರಷ್ಟಾಚಾರ ನಿಗ್ರಹ ದಳ ಪ್ರಕರಣ ದಾಖಲಿಸಿತು.

ಕರ್ನಾಟಕ ಹಿಡಿದ ಹಾದಿ ಬೇರೆ. 2015 ಮತ್ತು 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯಿತು. ರ‍್ಯಾಲಿಯಲ್ಲಿ ಕಾರುಗಳು ಒಟ್ಟಿಗೆ ಓಡುವುದಿಲ್ಲ. ಒಂದೊಂದಾಗಿ ಬಿಟ್ಟು, ಗಡಿಯಾರದ ಎದುರು ಓಡಿಸುತ್ತಾರೆ. ಪಕ್ಕದಲ್ಲಿ ಕುಳಿತ ಸಹಚಾಲಕ ಮುಂದಿನ ತಿರುವನ್ನು ಓದಿ ಹೇಳುತ್ತಿರಬೇಕು. ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವಾಗ ಸಾರ್ವಜನಿಕ ರಸ್ತೆಯಲ್ಲಿ ಅದೇ ಕಾರು ಎಲ್ಲರಂತೆ ಸಂಚಾರ ನಿಯಮ ಪಾಲಿಸಬೇಕು. ತೋಟದ ಮಣ್ಣಿನ ರಸ್ತೆ ಮೊದಲೇ ಇದೆ, ಕಾಂಕ್ರೀಟ್ ಗೋಡೆಯೂ ಬೇಡ, ಗ್ಯಾಲರಿಯೂ ಬೇಡ.

ಗ್ಯಾಲರಿ ಇಲ್ಲವೆಂದರೆ ಟಿಕೆಟ್ ಹಣವೂ ಹೆಚ್ಚೇನಿಲ್ಲ, ಅದೇ ತೊಡಕು. ಖರ್ಚು ಕಡಿಮೆಯಾದರೂ ಅದು ಬೀಳುವುದು ಪ್ರಾಯೋಜಕರ ಹೆಗಲಿಗೆ. ಚಿಕ್ಕಮಗಳೂರಿನ ರ‍್ಯಾಲಿಯ ಹೆಸರಿನಲ್ಲೇ ಕಾಫಿ ಡೇ ಇತ್ತು. ಚಳಿಗಾಲದ ಆ ದಿನಗಳು ಅರೇಬಿಕಾ ಕೊಯ್ಲಿನ ಕಾಲವೂ ಹೌದು. ಆಳುಗಳು ತೋಟಕ್ಕೆ ಇಳಿಯುವ ಹೊತ್ತಿನಲ್ಲಿ ರಸ್ತೆ ಬಿಟ್ಟುಕೊಡಲು ಮಾಲೀಕರು ಒಪ್ಪಬೇಕು. ಪ್ರತಿ ಅಡ್ಡದಾರಿಗೂ ಕಾವಲಿಡಬೇಕು, ವೈದ್ಯರನ್ನೂ ಆಂಬುಲೆನ್ಸನ್ನೂ ಸಜ್ಜಾಗಿಡಬೇಕು. ಸ್ಪರ್ಧಿಗಳಿಗಿಂತ ಮುಂಚೆ ‘ಸೊನ್ನೆ ಕಾರು’ ಎಂಬ ಒಂದು ಕಾರು ಇಡೀ ಹಾದಿಯಲ್ಲಿ ಓಡಿ, ದಾರಿ ತೆರವಾಗಿದೆಯೇ ಎಂದು ನೋಡುತ್ತದೆ. ಆಗ ತೋಟದ ತಿರುವಿನಲ್ಲಿ ಒಂದು ದನ ನಿಂತಿದ್ದರೂ, ಅದನ್ನು ಅಟ್ಟುವವರೆಗೆ ಮುಂದಿನ ಕಾರು ಹೊರಡುವಂತಿಲ್ಲ.