ಆಪರೇಷನ್ ಆದ ಮೇಲಿನ ದಿನಗಳು

ರಾಯಚೂರು ಜಿಲ್ಲೆಯ ಕವಿತಾಳದಂಥ ಊರಿನಲ್ಲಿ, ‘ಹಾರ್ಟಿಗೆ ಹೋಲ್ ಐತಿ’ ಎಂದು ವೈದ್ಯರಿಂದ ಹೇಳಿಸಿಕೊಂಡ ಮಗುವೊಂದು ಬೆಂಗಳೂರಿಗೋ ಪುಟ್ಟಪರ್ತಿಗೋ ಹೋಗಿ, ಎದೆಯ ನಡುವೆ ಉದ್ದನೆಯ ಗಾಯದ ಗೆರೆಯನ್ನು ಹೊತ್ತು ಮನೆಗೆ ಮರಳಿದಾಗ, ಓಣಿಯವರೆಲ್ಲ ಬಂದು ‘ಆಪರೇಷನ್ ಆತಲ್ಲವ್ವಾ, ಇನ್ನೇನು ಚಿಂತಿ’ ಎಂದು ತಾಯಿಗೆ ಧೈರ್ಯ ಹೇಳುವುದುಂಟು. ಆ ಮಾತಿನ ಹಿಂದಿನ ಅಂತಃಕರಣ ದೊಡ್ಡದು. ಆದರೆ ಚಿಂತೆ ಮುಗಿಯಿತೆಂಬುದು ಮಾತ್ರ ಪೂರ್ಣ ಸತ್ಯವಲ್ಲ. ಶಸ್ತ್ರವೈದ್ಯರು ಕೆಲವು ಗಂಟೆಗಳಲ್ಲಿ ಮಾಡಿ ಮುಗಿಸಿದ ದುರಸ್ತಿಯು ಮಗುವಿನ ದೇಹಕ್ಕೆ ದಕ್ಕುವುದು ಮನೆಯಲ್ಲಿ ಕಳೆಯುವ ಮುಂದಿನ ವಾರಗಳ ಶುಶ್ರೂಷೆಯಿಂದ ಮತ್ತು ವರ್ಷಾನುಗಟ್ಟಲೆ ತಪ್ಪದೆ ನಡೆಯಬೇಕಾದ ತಪಾಸಣೆಯಿಂದ.

ಹೃದ್ರೋಗ ಚಿಕಿತ್ಸೆಯ ಇತಿಹಾಸದಲ್ಲಿಯೇ ಇದಕ್ಕೊಂದು ದುಃಖಕರ ನಿದರ್ಶನವಿದೆ. 1954ರ ಮಾರ್ಚ್ 26ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಡಾ. ವಾಲ್ಟನ್ ಲಿಲ್ಲೆಹೈ ಎಂಬ ಶಸ್ತ್ರವೈದ್ಯರು, ಒಂದು ವರ್ಷ ವಯಸ್ಸಿನ ಗಂಡುಮಗುವಿನ ರಕ್ತನಾಳಗಳನ್ನು ಅದರ ತಂದೆಯ ರಕ್ತನಾಳಗಳಿಗೆ ಜೋಡಿಸಿ, ತಂದೆಯ ಹೃದಯ ಶ್ವಾಸಕೋಶಗಳೇ ಮಗುವಿನ ಪ್ರಾಣವನ್ನು ಹಿಡಿದಿರುವಂತೆ ಮಾಡಿ, ಅದರ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಣ ರಂಧ್ರವನ್ನು ಹೊಲಿದು ಮುಚ್ಚಿದರು. ಹನ್ನೊಂದನೆಯ ದಿನ ಮಗು ಶ್ವಾಸಕೋಶದ ಸೋಂಕಿನಿಂದ ತೀರಿಕೊಂಡಿತು. ಮರಣಾನಂತರ ಪರೀಕ್ಷಿಸಿದಾಗ ಹೃದಯದ ಹೊಲಿಗೆ ಭದ್ರವಾಗಿಯೇ ಇತ್ತು: ಶಸ್ತ್ರಕ್ರಿಯೆ ಗೆದ್ದಿತ್ತು, ಚೇತರಿಕೆ ಸೋತಿತ್ತು. ಅಂದಿನಿಂದ ಇಂದಿಗೆ ವಿದ್ಯೆ ಬಹುದೂರ ಸಾಗಿದೆ, ಅಂಥ ಮರಣಗಳು ವಿರಳವಾಗಿವೆ. ಆದರೆ ಆ ಹನ್ನೊಂದು ದಿನಗಳ ಪಾಠ ಹಳತಾಗಿಲ್ಲ.

ಜೀವಂತವಾಗಿ ಹುಟ್ಟುವ ಸಾವಿರ ಶಿಶುಗಳಲ್ಲಿ ಸುಮಾರು ಎಂಟೊಂಬತ್ತಕ್ಕೆ ಹೃದಯದ ರಚನೆಯಲ್ಲಿ ಒಂದಲ್ಲ ಒಂದು ದೋಷವಿರುತ್ತದೆ. ಹೃದಯವು ರೂಪುಗೊಳ್ಳುವುದು ಗರ್ಭದ ಮೊದಲ ಎಂಟು ವಾರಗಳಲ್ಲಿ, ಎಷ್ಟೋ ವೇಳೆ ತಾನು ಬಸುರಿಯೆಂಬುದೇ ತಾಯಿಗೆ ಖಚಿತವಾಗುವುದಕ್ಕೆ ಮುಂಚೆ. ಆದುದರಿಂದ ಅವಳು ಗ್ರಹಣದಲ್ಲಿ ಹೊರಗೆ ಬಂದಳೆಂದೋ ತಿನ್ನಬಾರದ್ದನ್ನು ತಿಂದಳೆಂದೋ ದೂಷಿಸುವುದು ಅನ್ಯಾಯ. ಗರ್ಭಿಣಿಗೆ ತಗಲುವ ರುಬೆಲ್ಲಾ ಸೋಂಕು ಒಂದು ಕಾರಣ. ಸೋದರಮಾವನೊಡನೆ, ಸೋದರತ್ತೆಯ ಮಗನೊಡನೆ ನಡೆಯುವ ವಿವಾಹಗಳು ಅಪಾಯವನ್ನು ಹೆಚ್ಚಿಸುತ್ತವೆ. ಆದರೆ ಬಹುಪಾಲು ಮಕ್ಕಳಲ್ಲಿ ಇಂಥದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗದು.

ಒಂದು ಕಾಲಕ್ಕೆ ನಮ್ಮ ಈ ಸೀಮೆಯ ಬಡವರಿಗೆ ಇಂಥ ಚಿಕಿತ್ಸೆ ಕನಸಿನ ಮಾತಾಗಿತ್ತು. 1991ರ ನವೆಂಬರಿನಲ್ಲಿ ಪುಟ್ಟಪರ್ತಿಯಲ್ಲಿಯೂ 2001ರ ಜನವರಿಯಲ್ಲಿ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿಯೂ ಸತ್ಯಸಾಯಿ ಸಂಸ್ಥೆಯ ಉಚಿತ ಆಸ್ಪತ್ರೆಗಳು ತೆರೆದವು. 2003ರ ಜುಲೈಯಲ್ಲಿ ಲಾಹೋರಿನಿಂದ ದೆಹಲಿಗೆ ಮತ್ತೆ ಆರಂಭವಾದ ಬಸ್ಸಿನಲ್ಲಿ ಬಂದ ಪಾಕಿಸ್ತಾನದ ಪುಟ್ಟ ಹೆಣ್ಣುಮಗುವಿಗೆ ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಶಸ್ತ್ರಕ್ರಿಯೆ ನಡೆದಾಗ, ಅವಳ ಚೇತರಿಕೆಯ ಸುದ್ದಿಗಾಗಿ ನಾಡೇ ಪತ್ರಿಕೆಗಳನ್ನು ಬಿಡಿಸಿ ಕಾದಿತ್ತು. 2010ರಲ್ಲಿ ಬಡ ಕುಟುಂಬಗಳಿಗಾಗಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಮೊದಲು ಜಾರಿಗೆ ಬಂದದ್ದು ರಾಯಚೂರೂ ಸೇರಿದ್ದ ಅಂದಿನ ಗುಲ್ಬರ್ಗಾ ವಿಭಾಗದಲ್ಲಿಯೇ. 2013ರಿಂದ ಅಂಗನವಾಡಿ, ಶಾಲೆಗಳಿಗೇ ಬಂದು ಮಕ್ಕಳನ್ನು ಪರೀಕ್ಷಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು, ಎದೆಗೆ ಸ್ಟೆತೊಸ್ಕೋಪ್ ಇಟ್ಟ ಕೂಡಲೆ ಕೇಳಿಬರುವ ಅಸಹಜ ಸದ್ದನ್ನು ಗುರುತಿಸಿ ಮಕ್ಕಳನ್ನು ದೊಡ್ಡಾಸ್ಪತ್ರೆಗೆ ಕಳುಹಿಸುತ್ತಿದ್ದಾರೆ.

ದುರಸ್ತಿಯಲ್ಲಿ ಎರಡು ಬಗೆ. ಕೆಲವು ರಂಧ್ರಗಳನ್ನು ತೊಡೆಯ ಸಂದಿನ ರಕ್ತನಾಳದಿಂದ ಸಣ್ಣ ನಳಿಗೆಯನ್ನು ಏರಿಸಿ, ಲೋಹದ ತಂತಿಯಿಂದ ಹೆಣೆದ ಪುಟ್ಟ ಮುಚ್ಚಳವನ್ನಿಟ್ಟು ಮುಚ್ಚುತ್ತಾರೆ. ಅಂಥ ಮಗು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲೇ ಮನೆ ಸೇರುತ್ತದೆ, ಆದರೆ ಆ ಮುಚ್ಚಳದ ಮೇಲೆ ದೇಹದ ಸ್ವಂತ ಪೊರೆ ಬೆಳೆಯಲು ಸುಮಾರು ಆರು ತಿಂಗಳು ಬೇಕು, ಅಲ್ಲಿಯವರೆಗೆ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ನಿಲ್ಲಿಸಕೂಡದು. ಮತ್ತೊಂದು ಬಗೆಯಲ್ಲಿ ಎದೆಯ ನಡುಮೂಳೆಯನ್ನು ಸೀಳಿ, ಹೃದಯದ ಕೆಲಸವನ್ನು ಯಂತ್ರಕ್ಕೊಪ್ಪಿಸಿ, ರಂಧ್ರಕ್ಕೆ ತೇಪೆ ಹೊಲಿದು, ಮೂಳೆಯನ್ನು ಉಕ್ಕಿನ ತಂತಿಯಿಂದ ಬಿಗಿಯುತ್ತಾರೆ. ಆ ಮೂಳೆ ಕೂಡಿಕೊಳ್ಳಲು ಆರರಿಂದ ಎಂಟು ವಾರ ಹಿಡಿಯುತ್ತದೆ. ನಮ್ಮಲ್ಲಿ ಕೂಸನ್ನು ಕಂಕುಳಿಗೆ ಕೈಹಾಕಿ ಮೇಲೆತ್ತುವುದು ರೂಢಿ. ಈ ಅವಧಿಯಲ್ಲಿ ಹಾಗೆ ಎತ್ತಿದರೆ ಸೀಳಿದ ಮೂಳೆ ಎರಡೂ ಕಡೆಗೆ ಜಗ್ಗುತ್ತದೆ. ಒಂದು ಕೈಯನ್ನು ಕುತ್ತಿಗೆ ಬೆನ್ನುಗಳ ಕೆಳಗೂ ಇನ್ನೊಂದನ್ನು ಕುಂಡೆಯ ಕೆಳಗೂ ಕೊಟ್ಟು, ಮಗುವನ್ನು ಮಲಗಿಸಿದಂತೆಯೇ ಎತ್ತಬೇಕು. ದೊಡ್ಡ ಮಕ್ಕಳು ಕೊಡ ಹೊರುವುದು, ಸೈಕಲ್ಲು ಹತ್ತುವುದು, ತಮ್ಮ ತಂಗಿಯರನ್ನು ಎತ್ತಿಕೊಳ್ಳುವುದು ಅಷ್ಟು ದಿನ ಬೇಡ.

ಗಾಯವು ಒಣಗಿರಬೇಕು, ಸ್ವಚ್ಛವಾಗಿರಬೇಕು. ಅದಕ್ಕೆ ಅರಿಸಿನ, ವಿಭೂತಿ, ಎಣ್ಣೆ ಯಾವುದೂ ಸೋಕಬಾರದು. ಕೂಸಿಗೆ ಎಣ್ಣೆ ತಿಕ್ಕಿ ಎರೆಯುವ ಅಜ್ಜಿಯರ ಕೈಗೆ ಕೆಲವು ವಾರ ವಿರಾಮ ಕೊಡುವುದು ಅಜ್ಜಿಗೆ ಮಾಡಿದ ಅಪಚಾರವಲ್ಲ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಗೆಯಲ್ಲಿ ಬೆವರು ಗಾಯದಲ್ಲಿ ನಿಲ್ಲದಂತೆ ತೆಳುವಾದ ಹತ್ತಿಯ ಅಂಗಿ ಸಾಕು. ಇನ್ನು ‘ನಂಜಾಗುತ್ತದೆ’ ಎಂದು ಬದನೆ, ಬೇಳೆ, ಶೇಂಗಾ, ತತ್ತಿ ಎಲ್ಲವನ್ನೂ ನಿಷೇಧಿಸಿ ಬರಿಯ ಗಂಜಿಯ ಪಥ್ಯ ಹಾಕುವುದಿದೆಯಲ್ಲ, ಇದರಷ್ಟು ನನ್ನನ್ನು ವ್ಯಾಕುಲಗೊಳಿಸುವುದು ಇನ್ನೊಂದಿಲ್ಲ. ಹಾಲು ಕುಡಿಯಲೂ ಏದುಸಿರು ಬಂದು, ಹಣೆಯಲ್ಲಿ ಬೆವರೊಡೆದು, ವರ್ಷಗಟ್ಟಲೆ ಸೊರಗಿದ ಮಗು ಈಗ ತಾನೆ ಹೊಟ್ಟೆತುಂಬ ಉಣ್ಣಬಲ್ಲ ಶಕ್ತಿಯನ್ನು ಪಡೆದಿದೆ. ಗಾಯ ಮಾಯುವುದಕ್ಕೂ ತೂಕ ಏರುವುದಕ್ಕೂ ಅದಕ್ಕೆ ಬೇಕಾದುದು ಅವೇ ಬೇಳೆ, ತತ್ತಿ, ಹಾಲುಗಳು.

ಮೊದಲ ವಾರಗಳಲ್ಲಿ 100 ಡಿಗ್ರಿ ಮೀರಿದ ಜ್ವರ, ಗಾಯದ ಸುತ್ತ ಕೆಂಪು ಅಥವಾ ಕೀವು, ಉಸಿರಿನ ವೇಗ, ಮುಖದ ಬಾವು, ಪದೇಪದೇ ವಾಂತಿ, ಎದೆನೋವು ಇವುಗಳಲ್ಲಿ ಒಂದು ಕಂಡರೂ ಶಸ್ತ್ರಕ್ರಿಯೆ ನಡೆದ ಆಸ್ಪತ್ರೆಗೆ ಆ ದಿನವೇ ಫೋನು ಮಾಡಬೇಕು. ಹೃದಯವನ್ನು ಸುತ್ತಿದ ಚೀಲದಲ್ಲಿ ನೀರು ತುಂಬುವ ತೊಡಕು ಮನೆಗೆ ಬಂದ ಮೇಲೂ ತಲೆದೋರಬಹುದು. ಊರಿನ ಕ್ಲಿನಿಕ್ಕಿನಲ್ಲಿ ‘ಒಂದು ಸಲೈನ್ ಹಚ್ಚಿ’ ಎಂದು ಕೇಳುವ ಅಭ್ಯಾಸ ಇಲ್ಲಿ ಅಪಾಯಕಾರಿ, ಏಕೆಂದರೆ ಇನ್ನೂ ಸುಧಾರಿಸಿಕೊಳ್ಳುತ್ತಿರುವ ಹೃದಯಕ್ಕೆ ಹೆಚ್ಚಿನ ನೀರು ಭಾರವಾಗಬಲ್ಲದು. ಕಾರಣ ತಿಳಿಯದ ಜ್ವರಕ್ಕೆ ರಕ್ತಪರೀಕ್ಷೆಗೆ ಮುಂಚೆಯೇ ಬಿರುಸಾದ ಇಂಜೆಕ್ಷನ್ ಕೊಡಿಸಿದರೆ, ಹೃದಯದ ಒಳಪೊರೆಗೆ ಸೋಂಕು ತಗಲಿದ್ದರೂ ಅದರ ಸುಳಿವು ಮರೆಯಾಗಿಹೋಗುತ್ತದೆ. ಈ ಸೋಂಕಿನ ಒಂದು ಮುಖ್ಯ ದ್ವಾರ ಹುಳುಕು ಹಲ್ಲು. ಹಲ್ಲು ಕೀಳಿಸುವ ಮೊದಲು ಹೃದಯದ ಚೀಟಿಯನ್ನು ದಂತವೈದ್ಯರಿಗೆ ತೋರಿಸಬೇಕು.

ಎರಡು ಮೂರು ತಿಂಗಳು ಕಳೆದು, ರಂಧ್ರ ಪೂರ್ತಿ ಮುಚ್ಚಿದೆಯೆಂದು ವೈದ್ಯರು ಹೇಳಿದ ಬಳಿಕ, ಬಹುತೇಕ ಮಕ್ಕಳು ಉಳಿದವರಂತೆಯೇ ಓಡಬಹುದು, ಆಡಬಹುದು. ಆಗಲೂ ‘ಆಪರೇಷನ್ ಆದ ಕೂಸು’ ಎಂದು ಕಟ್ಟೆಯ ಮೇಲೆ ಕೂರಿಸುವುದು ಪ್ರೀತಿಯಿಂದಲೇ ಆದರೂ ಮಗುವಿಗೆ ಎರಡನೆಯ ರೋಗವಾಗುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಎದೆಯ ಗೆರೆಯನ್ನು ಮದುವೆಯ ಮಾತುಕತೆಯವರೆಗೂ ಮುಚ್ಚಿಟ್ಟು, ಆ ಭಯದಿಂದಲೇ ತಪಾಸಣೆಯನ್ನೂ ಬಿಟ್ಟುಬಿಡುವ ಮನೆಗಳಿವೆ. ಗರ್ಭಧಾರಣೆಯು ಹೃದಯದ ಮೇಲೆ ಹೊಸ ಹೊರೆಯನ್ನು ಹೊರಿಸುವುದರಿಂದ, ಆ ಗುಟ್ಟಿನ ಬೆಲೆಯನ್ನು ತೆರಬೇಕಾದವಳು ಅವಳೇ.

ತಪಾಸಣೆ ತಪ್ಪುವುದಕ್ಕೆ ದೂರವೂ ಕಾರಣವೆಂಬುದನ್ನು ಬಲ್ಲೆ. ಬೆಂಗಳೂರು ಇಲ್ಲಿಂದ ಸುಮಾರು 400 ಕಿಲೋಮೀಟರು. ಕೂಲಿಯವರಿಗೆ ಹೋಗಿಬರುವ ಖರ್ಚಿನ ಜೊತೆಗೆ ದಿನಗೂಲಿಯೂ ನಷ್ಟ. ಆದರೆ ಈಗ ಕಲಬುರಗಿಯಲ್ಲಿ ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇದೆ. ಮಳೆಗಾಲದಲ್ಲಿ ಕೃಷ್ಣೆ ತುಂಬಿ ಹೂವಿನಹೆಡಗಿಯ ಸೇತುವೆ ಮುಳುಗದಿದ್ದರೆ ದೇವದುರ್ಗ, ಶಹಾಪುರಗಳ ದಾರಿಯಾಗಿ ಒಂದೇ ದಿನದಲ್ಲಿ ಹೋಗಿಬರಬಹುದು. ಮೈ ನೀಲಿಗಟ್ಟುವ ದೋಷಕ್ಕೆ ಎಳೆವೆಯಲ್ಲಿ ಶಸ್ತ್ರಕ್ರಿಯೆಯಾದವರಲ್ಲಿ, ಶ್ವಾಸಕೋಶಕ್ಕೆ ರಕ್ತವೊಯ್ಯುವ ದಾರಿಯ ಕವಾಟ ಇಪ್ಪತ್ತು ಮೂವತ್ತು ವರ್ಷಗಳ ಬಳಿಕವೂ ಸೋರತೊಡಗಬಹುದು, ಮತ್ತು ಹೊರಗೆ ಯಾವ ಕುರುಹನ್ನೂ ತೋರದೆ ಸೋರಬಹುದು. ಕವಿತಾಳ, ಸಿರವಾರ, ಮಾನ್ವಿ, ದೇವದುರ್ಗಗಳ ಹಳ್ಳಿಗಳಲ್ಲಿ ಬಾಲ್ಯದ ಆ ಗೆರೆಯನ್ನು ಎದೆಯ ಮೇಲೆ ಹೊತ್ತು, ಇಂದು ದುಡಿಯುವ ವಯಸ್ಸಿಗೆ ಬಂದು, ವರ್ಷಗಳಿಂದ ಯಾವ ವೈದ್ಯರನ್ನೂ ಕಾಣದೆ ಇರುವವರು ಇದನ್ನು ಓದುತ್ತಿದ್ದರೆ, ಹಳೆಯ ಡಿಸ್ಚಾರ್ಜ್ ಚೀಟಿಯನ್ನು ಹುಡುಕಿ ತೆಗೆದುಕೊಂಡು, ಈ ವರ್ಷ ತಪ್ಪದೆ ಒಮ್ಮೆ ಎಕೋ ಪರೀಕ್ಷೆ ಮಾಡಿಸಿಕೊಳ್ಳಿರಿ. ಚೀಟಿ ಕಳೆದುಹೋಗಿದ್ದರೂ ಹೋಗಿರಿ.